ಸೋಮಿಯ ಪಾಲಿನ ಗುಳಿಗೆಗಳು

ಮುನವಳ್ಳಿಯ ರಾಮವ್ವನ ಮನೆಗೆ ನಾನು ಹೋದದ್ದು ಬೈಯುವುದಕ್ಕೇ. ಓಣಿ ಓಣಿ ತಿರುಗಿ ಜ್ವರದವರ ರಕ್ತ ತೆಗೆಯುವ ನರ್ಸ್ ನಾನು. ಮಲೇರಿಯಾ ಎಂದು ಗುಳಿಗೆ ಕೈಗಿಟ್ಟವರ ಹೆಸರೇ ಕೆಲವು ತಿಂಗಳಿಗೆ ಜ್ವರದವರ ಪಟ್ಟಿಯಲ್ಲಿ ಮತ್ತೆ ಬಂದರೆ ಯಾರಿಗೆ ಸಿಟ್ಟು ಬರುವುದಿಲ್ಲ?

ಅವಳ ಗಂಡ ಶಟ್ಟೆಪ್ಪ ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದ. "ನೀವ ಒಳಗ ಹೋಗ್ರಿ ಅಕ್ಕಾರ. ದಿನ ಬಿಟ್ಟು ದಿನ ಮಧ್ಯಾಹ್ನ ಆತಂದ್ರ ಅಲ್ಲಿ ಎರಡು ದನಿ ಕೇಳತಾವ," ಎಂದ.

ರಾಮವ್ವ ರೊಟ್ಟಿ ಬಡಿಯುತ್ತಿದ್ದಳು. ಜ್ವರದ ಹೆಂಗಸಿನಂತೆ ಕಾಣಲೇ ಇಲ್ಲ. ಬಿಸಿಲು ಹೊಸ್ತಿಲು ದಾಟಿದ್ದೇ ತಡ, ಹಿಟ್ಟಿನ ಕೈ ತೊಳೆದು ಚಾಪೆ ಹಾಸಿದಳು. ಗೋಡೆಯ ಕಡೆ ಒಬ್ಬರು ಮಲಗುವಷ್ಟು ಜಾಗ ಬಿಟ್ಟು ಮಲಗಿದಳು.

"ಜರಾ ಸರೀರಿ ಅಕ್ಕಾರ. ಅಕಿ ಬರಾಕ ಹತ್ಯಾಳ."

ನಾನು ಸರಿದೆ. ಯಾಕೆ ಸರಿದೆನೋ ದೇವರೇ ಬಲ್ಲ. ಅಷ್ಟರಲ್ಲಿ ಅವಳ ಹಲ್ಲು ಕಟಕಟ ಎನ್ನತೊಡಗಿತು. ಕಂಬಳಿ ಹೊದಿಸಿದೆ. ಅವಳು ಗೋಡೆಯ ಕಡೆಯ ಅಂಚು ಎತ್ತಿ ಹಿಡಿದು, "ಬಾ ಸೋಮಿ, ಕಾಲು ಎಷ್ಟ ತಣ್ಣಗ ಅದಾವ ನಿನ್ನೂ," ಎಂದಳು. ಆಮೇಲೆ ಸಣ್ಣ ಹುಡುಗಿಯ ದನಿಯಲ್ಲಿ ತಾನೇ "ಹೂಂ ಅಕ್ಕಾ" ಎಂದಳು.

ಸೋಮವ್ವ ಅವಳ ತಂಗಿ. ಅಣ್ಣತಮ್ಮಂದಿರನ್ನೇ ಮದುವೆಯಾಗಿದ್ದರಿಂದ ನೆಗೆಣ್ಣಿ ಕೂಡ. ಇಬ್ಬರೂ ಗಂಡಂದಿರ ಜೊತೆ ಮಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ಅಲ್ಲಿಯ ಶೆಡ್ಡಿನಲ್ಲಿ ಸೋಮವ್ವ ಜ್ವರ ಬಂದು, ರಕ್ತ ತಪಾಸಣೆಗೂ ಮೊದಲೇ ತೀರಿಕೊಂಡಳು. ಮಣ್ಣು ಅಲ್ಲೇ ಆಯಿತು. ಅದೇ ಜ್ವರದಲ್ಲಿ ಎಚ್ಚರವಿಲ್ಲದೆ ಬಿದ್ದಿದ್ದ ರಾಮವ್ವ ತಂಗಿಯ ಮುಖ ನೋಡಲಿಲ್ಲ, ಅಳಲೂ ಇಲ್ಲ. ಊರಿಗೆ ಕರೆತಂದ ಮೇಲೆ ನಮ್ಮ ಗುಳಿಗೆಯಿಂದ ಎದ್ದು ಕುಳಿತಳು.

ಬೆವರಿ ಜ್ವರ ಇಳಿದ ಮೇಲೆ ಕೇಳಿದೆ, "ಗುಳಿಗಿ ಎಲ್ಲಾ ನುಂಗಿದ್ದೇನವ್ವಾ?"

ಅವಳು ತಂಗಿಯ ಫೋಟೋ ತೋರಿಸಿದಳು. ಅದರ ಮುಂದೆ ಎಡೆಯ ತಾಟಿನಲ್ಲಿ ಕಂದು ಗುಳಿಗೆಗಳು ಸಾಲಾಗಿ ಕುಳಿತಿದ್ದವು.

"ಮೂರು ದಿನಕ್ಕ ನನ್ನ ಜ್ವರ ಹೋತ್ರಿ. ಉಳದದ್ದು ಸೋಮಿ ಪಾಲಿಂದು. ಪಾಪ, ಅಕಿಗೆ ಒಂದೂ ಸಿಗಲಿಲ್ಲ."

ಬೈಯಲು ಹೋದವಳು ಅದನ್ನು ಬಿಟ್ಟು ತಿಳಿಯುವಂತೆ ಹೇಳಲು ಕುಳಿತೆ. ಮಲೇರಿಯಾದ ರೋಗಾಣು ರಕ್ತದ ಕಣದೊಳಗೆ ಹೊಕ್ಕು ಅಲ್ಲಿಯ ಕೆಂಪನ್ನು ತಿನ್ನುತ್ತದೆ. ತಿಂದು ಮಿಕ್ಕದ್ದು ಅದಕ್ಕೇ ವಿಷ. ಆ ವಿಷವನ್ನು ಹರಳುಗಟ್ಟಿಸಿ ಮೂಲೆಗಿಟ್ಟು ತಾನು ಬದುಕುತ್ತದೆ. ಮೊದಲ ಮೂರು ದಿನದ ಗುಳಿಗೆ ಹರಳುಗಟ್ಟಲು ಬಿಡುವುದಿಲ್ಲ. ರೋಗಾಣು ತನ್ನ ಊಟದ ವಿಷದಲ್ಲೇ ಸಾಯುತ್ತದೆ. ಸಾಯದೆ ಉಳಿದರೆ ಎರಡು ದಿನಕ್ಕೊಮ್ಮೆ ಎಲ್ಲವೂ ಒಟ್ಟಿಗೆ ಕಣ ಒಡೆದು ಹೊರಬೀಳುತ್ತವೆ, ಆಗಲೇ ಈ ಚಳಿ. ಅದಕ್ಕೇ ದಿನ ಬಿಟ್ಟು ದಿನ, ಹೊತ್ತು ತಪ್ಪದೆ. ಇನ್ನು ಕೆಲವು ಲಿವರಿನಲ್ಲಿ ಸುಮ್ಮನೆ ಮಲಗಿರುತ್ತವೆ. ಅವು ರಕ್ತ ತಿನ್ನುವುದಿಲ್ಲ, ಆ ಗುಳಿಗೆ ಅವಕ್ಕೆ ನಾಟುವುದಿಲ್ಲ. ತಿಂಗಳುಗಟ್ಟಲೆ ಮಲಗಿ, ಎದ್ದು ಬರುತ್ತವೆ. ಅವನ್ನು ಮಲಗಿದಲ್ಲೇ ಮುಗಿಸಲು ಎರಡು ವಾರದ ಈ ಕಂದು ಗುಳಿಗೆ.

"ಅವು ಸತ್ತರ ಸೋಮಿ ಬರೂದಿಲ್ಲೇನ್ರಿ?"

"ಇಲ್ಲವ್ವಾ."

"ಹಂಗಾರ ನನಗ ಬ್ಯಾಡ್ರಿ."

ಹತ್ತಿರದಿಂದ ನೋಡಿದರೆ ಅವಳ ಕಣ್ಣು, ಉಗುರು ಬಿಳುಚಿದ್ದವು. ಹೀಗೇ ಬಿಟ್ಟರೆ ಉಳಿಯುವುದಿಲ್ಲ ಎಂದೆ. ಜಗ್ಗಲಿಲ್ಲ. ನನಗೆ ರೇಗಿತು.

"ನಿನ್ನ ಕಡದ ಸೊಳ್ಳಿ ನಾಳೆ ನಿನ್ನ ಮಗಳನ್ನ ಕಡೀತದ. ಅಕಿ ಮೈಯಾಗೂ ಮಲಗತಾವ ನೋಡು."

ರಾಮವ್ವ ಗೂಟಕ್ಕೆ ಹಾಕಿದ್ದ ಮಗಳ ಸಾಲೆಯ ಅಂಗಿ ನೋಡಿದಳು. ಆಮೇಲೆ ಕೇಳಿದಳು, "ಸೋಮಿ ಅಕಿ ಹಾಸಿಗಿಗೂ ಬರತಾಳೇನ್ರಿ?"

"ಬರತಾಳ," ಎಂದೆ. ಅಂದ ಮೇಲೆ ನನಗೇ ಭಯವಾಯಿತು.

ಮತ್ತೆ ರಕ್ತ ತಪಾಸಣೆಯಾಗಿ, ಗುಳಿಗೆ ಅವಳ ಮೈಗೆ ಒಗ್ಗುತ್ತದೆಂದು ಖಾತ್ರಿಯಾದ ಮೇಲೆ ಡಾಕ್ಟರು ಹೊಸದಾಗಿ ಕೊಟ್ಟರು. ನಾನೇ ದಿನವೂ ಎದುರಿಗೆ ಕುಳಿತು ನುಂಗಿಸಿದೆ. ಅವಳು ಫೋಟೋಕ್ಕೆ ಬೆನ್ನು ಮಾಡಿ ನುಂಗುತ್ತಿದ್ದಳು.

ಕೊನೆಯ ಗುಳಿಗೆ ನುಂಗಿದ ದಿನ ತಲೆಯ ಮೇಲೆ ಸೆರಗೆಳೆದುಕೊಂಡು ಕುಳಿತಳು. ನಮ್ಮ ಕಡೆ ಸತ್ತವರನ್ನು ಹಾಡಿಕೊಂಡು ಅಳುತ್ತಾರಲ್ಲ, ಹಾಗೆ ಶುರುಮಾಡಿದಳು. ಸೋಮಿಯನ್ನು ಸೊಂಟದ ಮೇಲೆ ಹೊತ್ತು ತಿರುಗಿದ್ದು, ಒಂದೇ ಮದುವೆಯ ಹಂದರದಲ್ಲಿ ಇಬ್ಬರಿಗೂ ಅಕ್ಕಿಕಾಳು ಬಿದ್ದದ್ದು, ಎಲ್ಲ ಹಾಡಿದಳು. "ಜ್ವರ ಕೊಂದಿಲ್ಲವ್ವಾ ನಿನ್ನ, ಗುಳಿಗಿ ನುಂಗಿ ನಾನ ಕೊಂದ್ನೆವ್ವಾ ನನ ತಂಗೀ..."

ದನಿ ಕೇಳಿ ಓಣಿಯ ಹೆಂಗಸರು ಓಡಿ ಬಂದರು. ಯಾರು ಹೋದರೆಂದು ನನ್ನನ್ನು ಕೇಳಿದರು. ಸೋಮವ್ವ ಎಂದೆ. ಯಾರೂ ಮತ್ತೊಂದು ಮಾತು ಕೇಳಲಿಲ್ಲ. ಸುತ್ತ ಕುಳಿತು ಅವರೂ ಅತ್ತರು.