ಗಂಜಿ ಕುಡಿದ ಕ್ರೋಟನ್

ಬನಹಟ್ಟಿಯ ನಮ್ಮ ಮನೆಯ ನಡುಮನೆಯಲ್ಲಿ ಎರಡು ಕೈಮಗ್ಗಗಳಿವೆ. ಅವುಗಳ ಪಕ್ಕದ ಕಿಟಕಿಯಲ್ಲಿ ನಮ್ಮ ಅತ್ತೆಯ ಗಿಡಗಳು: ಮನಿ ಪ್ಲಾಂಟು, ಲೋಳಸರ, ದೊಡ್ಡಪತ್ರೆ, ಒಂದು ಕ್ರೋಟನ್. ನೂಲಿನ ಸಣ್ಣ ಧೂಳು ಹಾರಿ ಹಾರಿ ಕೂತು, ಎರಡು ದಿನ ಬಿಟ್ಟರೆ ಎಲೆಗಳಿಗೆಲ್ಲ ನರೆ ಬಂದ ಹಾಗೆ ಕಾಣುತ್ತದೆ. ಅತ್ತೆ ಹಳೆ ಸೀರೆಯ ತುಂಡನ್ನು ಒದ್ದೆ ಮಾಡಿಕೊಂಡು ಒಂದೊಂದೇ ಎಲೆ ಒರೆಸುತ್ತಿದ್ದರು.

ನಾನು ಬೀಳಗಿ ಕಡೆಯ ಒಕ್ಕಲುತನದ ಮನೆಯವಳು. ಮದುವೆಯಾಗಿ ಬಂದ ಹೊಸದರಲ್ಲಿ ಇದನ್ನು ನೋಡಿ ನಗು ತಡೆಯಲಾಗಲಿಲ್ಲ. ಎಕರೆಗಟ್ಟಲೆ ಕಬ್ಬು ನೋಡಿ ಬೆಳೆದವಳ ಮುಂದೆ ಡಬ್ಬಿಯಲ್ಲಿ ಗಿಡ! ನನ್ನ ಬಾಯಿಯೋ, ಸುಮ್ಮನಿರುವಂಥದ್ದಲ್ಲ.

“ಅತ್ತಿ, ಮಳಿ ಇಲ್ಲ, ಬಿಸಲಿಲ್ಲ, ಇವುಕ್ಕ ಇದೆಂಥಾ ಬಾಳೇವು ಬಿಡ್ರಿ” ಎಂದುಬಿಟ್ಟೆ.

“ಮಗ್ಗದ ಮನಿಯಾಗ ನಾವೂ ಹಂಗ ಅದೀವಲ್ಲ ಬೇ. ನೋಡ್ಕೊಂಡರ ಬದಕ್ತಾವು” ಎಂದರು ಅತ್ತೆ, ಕೈ ನಿಲ್ಲಿಸದೆ.

ಮರುದಿನ ಒಂದು ಎಣ್ಣೆ ಡಬ್ಬಿಗೆ ಮಣ್ಣು ತುಂಬಿ ನನ್ನ ಕೈಗಿತ್ತು, “ನಿಂದೂ ಒಂದು ಹೊಲ ಇರ್ಲಿ” ಎಂದರು. ತವರಿನ ನೆನಪು, ಮಗ್ಗದ ಸಪ್ಪಳ ಎರಡೂ ಸೇರಿ ತಲೆ ಸಿಡಿಯುತ್ತಿದ್ದ ದಿನಗಳವು. ಆ ಡಬ್ಬಿ ಹಿಡಿದುಕೊಂಡು ಅಡುಗೆಮನೆಗೆ ಹೋಗಿ ಕಣ್ಣೀರು ಹಾಕಿದೆ. ಖುಷಿಗೇ ಅತ್ತದ್ದು.

ಆರು ವರ್ಷಗಳಲ್ಲಿ ಅವರು ಮನೆಯ ಎಲ್ಲ ಕೆಲಸವನ್ನೂ ನನಗೆ ಬಿಟ್ಟುಕೊಟ್ಟರು, ಕಿಟಕಿಯ ಗಿಡ ಮತ್ತು ಗಂಜಿ ಎರಡನ್ನು ಬಿಟ್ಟು. ಮಗ್ಗಕ್ಕೇರಿಸುವ ಮುನ್ನ ನೂಲು ಗಟ್ಟಿಯಾಗಲೆಂದು ಹಚ್ಚುವ ಗಂಜಿಯನ್ನು ಅವರೇ ಕುದಿಸಬೇಕು, ಅವರೇ ಹದ ನೋಡಬೇಕು. ನಾನು ಹತ್ತಿರ ಹೋದರೆ, “ನಿನಗ ತಿಳಿಯಂಗಿಲ್ಲ, ಅತ್ತಾಗ ಸರಿ” ಎನ್ನುತ್ತಿದ್ದರು. ನನಗೂ ಮೂಗಿನ ತುದಿಯಲ್ಲೇ ಸಿಟ್ಟು. “ಆತ್ರಿ, ನೀವ ಇಟ್ಕೋರಿ ನಿಮ್ಮ ಗಂಜಿ” ಎಂದು ಎದ್ದುಹೋದವಳು ಮತ್ತೆ ಅತ್ತ ತಲೆ ಹಾಕಲಿಲ್ಲ.

ಹೋದ ವರ್ಷ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರು. ತೊಡೆಯ ಎಲುಬು ಮುರಿಯಿತು. ಮಿರಜಿನ ಆಸ್ಪತ್ರೆಗೆ ಕರೆದೊಯ್ದು ರಾಡು ಹಾಕಿಸಿಕೊಂಡು ಬಂದೆವು. ಎರಡು ತಿಂಗಳ ಮೇಲೆ ಡಾಕ್ಟರು ನೋಡಿ, ಎಲುಬು ಕೂಡಿದೆ, ಇನ್ನು ನಡೆಸಿ, ಈಗ ಏಳದಿದ್ದರೆ ಆಮೇಲೆ ಏಳುವುದೇ ಕಷ್ಟ ಎಂದರು. ಅತ್ತೆ ಮಾತ್ರ ಜಪ್ಪಯ್ಯ ಎಂದರೂ ಏಳಲೊಲ್ಲರು. ತಂದಿಟ್ಟ ವಾಕರಿನ ಮೇಲೆ ಟವೆಲ್ಲು ಒಣಗುತ್ತಿತ್ತು.

“ಮತ್ತ ಬಿದ್ದರ ಯಾರ್ ನೋಡ್ಕೋತೀರಿ? ನಾ ಒಲ್ಲೆ” ಎನ್ನುತ್ತಿದ್ದರು. ಅವರ ಮಗ, ನಮ್ಮ ಮನೆಯವರು, ಅಂಗಲಾಚಿದರು. ನಾನು ಬೈದೆ, ರಮಿಸಿದೆ, ಮತ್ತೆ ಬೈದೆ. ಮನೆ ತುಂಬ ಓಡಾಡಿದ ಜೀವ ಮಂಚ ಹಿಡಿದೇ ಉಳಿದುಬಿಟ್ಟರೆ ಎಂಬ ಹೆದರಿಕೆ ನನಗೆ.

ಗಿಡಗಳ ಪಾಳಿ ನನ್ನದಾಯಿತು. ಅತ್ತೆ ಮಂಚದಿಂದಲೇ ಹುಕುಂ ನಡೆಸುತ್ತಿದ್ದರು. “ಕ್ರೋಟನ್ ಬಾಡೇತಿ. ನಿನ್ನ ಕೈಯಾಗ ನನ್ನ ಗಿಡ ಉಳಿಯೂದಿಲ್ಲ ತಗೀ.” ನನಗೆ ಚುರ್ ಎಂದಿತು. ಒಕ್ಕಲಿಗರ ಮಗಳಿಗೆ ಈ ಮಾತೇ?

ಒಂದು ದಿನ ಬೆಳಿಗ್ಗೆ ಮನೆಯವರೇ ಗಂಜಿ ಕಾಸಿ, ಓಣಿಯಲ್ಲಿ ನೂಲು ಹಾಸಿಕೊಂಡು ಹಚ್ಚುತ್ತಿದ್ದರು. ಅರ್ಧ ಪಾತ್ರೆ ಮಿಕ್ಕು ಒಳಗೆ ಬಂತು. ತವರಿನಲ್ಲಿ ಅವ್ವ ಅನ್ನದ ಗಂಜಿಯನ್ನು ಮಲ್ಲಿಗೆ ಬುಡಕ್ಕೆ ಸುರಿಯುತ್ತಿದ್ದಳು, ಹೂವು ಬುಟ್ಟಿಗಟ್ಟಲೆ ಬಿಡುತ್ತಿತ್ತು. ಇದನ್ನೇಕೆ ಚೆಲ್ಲಬೇಕು ಎಂದುಕೊಂಡು ಒಂದು ಚೊಂಬು ತುಂಬಿ ಕ್ರೋಟನ್ನಿನ ಬುಡಕ್ಕೆ ಸುರಿದೆ. ಎರಡನೆಯ ಚೊಂಬು ಎತ್ತಿ ಮನಿ ಪ್ಲಾಂಟಿನತ್ತ ತಿರುಗಿ, “ನೋಡ್ರಿ ಅತ್ತಿ, ನಿಮ್ಮ ಗಿಡಕ್ಕ ಗಂಜಿ ಊಟಾ ಹಾಕಾಕತ್ತೇನಿ!” ಎಂದೆ.

“ಏ ಹುಚ್ಚಿ! ಹಾಕಬ್ಯಾಡ! ಮೈಲುತುತ್ತ ಐತಿ ಅದರಾಗ!”

ನೂಲಿಗೆ ಹುಳ ಹತ್ತದಿರಲೆಂದು ಗಂಜಿಯಲ್ಲಿ ಮೈಲುತುತ್ತ ಬೆರೆಸುತ್ತಾರೆಂಬುದು ನೇಕಾರರ ಮನೆಯ ಕೂಸಿಗೂ ಗೊತ್ತು. ನನಗೆ ಗೊತ್ತಿರಲಿಲ್ಲ. ಗಿಡಕ್ಕದು ವಿಷ. ಚೊಂಬು ಹಿಡಿದು ಕಲ್ಲಾಗಿ ನಿಂತಿದ್ದೆ. ಯಾರೋ ಅದನ್ನು ಕೈಯಿಂದ ಕಿತ್ತುಕೊಂಡರು. ತಿರುಗಿ ನೋಡಿದರೆ ಅತ್ತೆ! ಮಂಚದಿಂದ ಕಿಟಕಿಗೆ ನಾಲ್ಕು ಹೆಜ್ಜೆ. ಒಂದು ಕೈ ಗೋಡೆಗೆ, ಒಂದು ಕೈಯಲ್ಲಿ ಚೊಂಬು.

“ನೀರ ತಾ! ಏನ್ ನಿಂತ ನೋಡ್ತಿ?”

ನಾನು ನೀರು ತರಲಿಲ್ಲ. ಅವರ ಪಾದಗಳನ್ನೇ ನೋಡುತ್ತಿದ್ದೆ. ಕೂಗಾಟ ಕೇಳಿ ಒಳಗೋಡಿ ಬಂದ ಮನೆಯವರು, “ಅವ್ವಾ, ನಿಂತೀಯಲ್ಲಬೇ!” ಎಂದರು. ಆಗ ಅತ್ತೆ ಕೆಳಗೆ ನೋಡಿಕೊಂಡರು. ಕಾಲು ಗಡಗಡ ನಡುಗತೊಡಗಿತು, ಮುಖದಲ್ಲಿ ಹಳೆಯ ಹೆದರಿಕೆ ಬಂತು. ನಾನು ಹೋಗಿ ಸೊಂಟ ಬಳಸಿ ಹಿಡಿದೆ.

“ಬೀಳಾಕ ಬಿಡೂದಿಲ್ರಿ ಅತ್ತಿ.”

ಮಂಚಕ್ಕೆ ಕರೆದೊಯ್ಯಿ ಎನ್ನುತ್ತಾರೆಂದುಕೊಂಡೆ. ಅವರು ನನ್ನ ಹೆಗಲನ್ನು ಗಟ್ಟಿಯಾಗಿ ಹಿಡಿದು, “ಮೊದಲ ಗಿಡಕ್ಕ ನೀರ ಹಾಕೂಣು” ಎಂದರು. ಮನೆಯವರು ಕೊಡ ಕೊಡ ನೀರು ತಂದು ಸುರಿದರು. ಡಬ್ಬಿಯ ತೂತಿನಿಂದ ಮಣ್ಣು ನೀರು ಹರಿದು ತಿಳಿಯಾಗುವವರೆಗೆ ಅತ್ತೆ ನಿಂತೇ ಇದ್ದರು.

ಏನು ಮಾಡಿದರೂ ಕ್ರೋಟನ್ ಉಳಿಯಲಿಲ್ಲ. ವಾರದಲ್ಲಿ ಎಲೆಯೆಲ್ಲ ಉದುರಿಸಿತು. ಅದರ ಋಣ ನನ್ನ ಮೇಲಿದೆ, ಖರೆ ಹೇಳುತ್ತೇನೆ, ದೇವರಿಗೆ ಕೈ ಮುಗಿಯುವಾಗ ಒಮ್ಮೊಮ್ಮೆ ಅದನ್ನೂ ನೆನೆಯುತ್ತೇನೆ.

ಈಗ ಅತ್ತೆ ಕೋಲು ಹಿಡಿದು ಓಣಿಯ ತುದಿಯವರೆಗೆ ಹೋಗಿ ಬರುತ್ತಾರೆ. ಮನೆಗೆ ಯಾರಾದರೂ ಬಂದರೆ, ನಾನು ಚಹಾಕ್ಕಿಡುವ ಮೊದಲೇ ಬಾಗಿಲಿಗೆ ಬಂದು, “ಈಕಿನ ನೋಡ್ರಿ, ನನ್ನ ಗಿಡಾ ಕೊಂದಾಕಿ” ಎಂದು ಶುರು ಮಾಡುತ್ತಾರೆ. “ಹೌದ್ರಿ, ನಾನ ಕೊಂದಾಕಿ” ಎಂದು ಒಪ್ಪಿಕೊಂಡು ಅತ್ತೆಗೊಂದು ಕುರ್ಚಿ ತಂದಿಡುತ್ತೇನೆ. ಅವರು ಕೂಡುವುದಿಲ್ಲ. ನನ್ನ ಅಪರಾಧವನ್ನು ಮೊದಲಿನಿಂದ ಕೊನೆಯವರೆಗೆ ನಿಂತೇ ಹೇಳುತ್ತಾರೆ.