ಇಲ್ಲದವರ ಹಾಸಿಗೆ ಹಾಸುವ ಅಕ್ಕ

ಇದನ್ನು ಬರೆಯಲು ನಾನು ತಕ್ಕವನೇ ಎಂಬ ಅಳುಕು ಇನ್ನೂ ಹೋಗಿಲ್ಲ. ದೇಶ ಆಳಿದವರ ವಿಷಯ ಬರೆಯಲು ತಿಳಿದವರಿದ್ದಾರೆ. ನಾನು ಹಗಲು ದುಡಿದು ಸಂಜೆ ತರಗತಿಯಲ್ಲಿ ಓದಿದವನು. ಆ ಸಂಜೆ ತರಗತಿಗಳನ್ನು ತೆರೆಸಿದವರೂ ಇಲ್ಲಿ ಬರುವ ಮಾಜಿ ಪ್ರಧಾನಿಯವರೇ. ಹಾಗಾಗಿ ಅವರ ವಿಷಯದಲ್ಲಿ ನನ್ನ ಕೈ ಎಲ್ಲಾದರೂ ಹಿಂಜರಿದಿದ್ದರೆ, ಅಥವಾ ಹಿಂಜರಿಯಬೇಕಾದ ಕಡೆ ಮುನ್ನುಗ್ಗಿದ್ದರೆ, ಓದುಗರು ಮನ್ನಿಸಬೇಕು.

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಕ್ಕ ಹಿಂಬಾಗಿಲಿನಿಂದ ಒಳಗೆ ಬಂದು, ಚಪ್ಪಲಿ ಬಿಟ್ಟು, ಮಲಗುವ ಕೋಣೆಯ ಕಿಟಕಿಯ ಒಂದೇ ಬಾಗಿಲನ್ನು ತೆರೆಯುತ್ತಾರೆ. ಎರಡೂ ತೆರೆದರೆ ಬಿಸಿಲಿಗೆ ಪರದೆ ಬಣ್ಣಗೆಡುತ್ತದೆ. ಮಂಚದ ಮೇಲಿನ ಚಾದರವನ್ನು ತೆಗೆದು ಕೊಡವುತ್ತಾರೆ, ಮತ್ತೆ ಹಾಸಿ ಅಂಚುಗಳನ್ನು ಹಾಸಿಗೆಯಡಿ ಸಿಕ್ಕಿಸುತ್ತಾರೆ. ಕೊನೆಗೆ ದಿಂಬಿನ ನಡುವೆ ಮುಷ್ಟಿಯಿಂದ ಮೆತ್ತಗೆ ಒತ್ತಿ ತಗ್ಗು ಮಾಡುತ್ತಾರೆ, ಯಾರೋ ಈಗಷ್ಟೇ ಎದ್ದು ಹೋದಂತೆ. ಈ ಮನೆ, ಯಜಮಾನರಾಗಿದ್ದ ಆ ಮಾಜಿ ಪ್ರಧಾನಿಯವರು ಇದ್ದ ಕೊನೆಯ ಬೆಳಿಗ್ಗೆ ಹೇಗಿತ್ತೋ ಹಾಗೇ ಇರಬೇಕು ಎಂಬುದು ಸ್ಮಾರಕ ಸಮಿತಿಯ ನಿಯಮ.

"ಯಾರೂ ಮಲಗದ ಹಾಸಿಗೆ. ದಿನಾ ಯಾಕೆ ಕೊಡವ್ತೀರಿ?" ಎಂದು ಕೇಳುತ್ತೇನೆ.

"ಧೂಳು ಮಲಗತ್ತಲ್ಲಪ್ಪ."

ತಲೆದೆಸೆಯ ಲೋಟಕ್ಕೆ ಹೊಸ ನೀರು ಬೀಳುತ್ತದೆ. ಬಾಗಿಲಲ್ಲಿ ನಿಂತ ಕಾವಲುಗಾರ ನಗುತ್ತಾನೆ. "ಬೇಸಿಗೇಲಿ ಅರ್ಧ ಲೋಟ ಖಾಲಿಯಾಗಿರತ್ತೆ ಸಾರ್. ಯಜಮಾನ್ರಿಗೆ ಅಧಿಕಾರ ಹೋದ್ರೂ ದಾಹ ಹೋಗಿಲ್ಲ."

"ನಿನ್ನ ಬಾಯಿಗೆ ಬೀಗ ಹಾಕ. ಹೋಗಿ ಗೇಟು ತೆಗಿ," ಎಂದು ಅಕ್ಕ ಗದರುತ್ತಾರೆ. ಅವನೇ ಇವರಿಗೆ 'ಹಾಸಿಗೆ ಅಕ್ಕ' ಎಂದು ಹೆಸರಿಟ್ಟವನು. ಅರವತ್ತು ದಾಟಿದ ಇವರನ್ನು ಈಗ ಎಲ್ಲರೂ ಹಾಗೇ ಕರೆಯುತ್ತಾರೆ.

ಸ್ಮಾರಕ ತೆರೆದ ಹೊಸದರಲ್ಲಿ ನೋಡಬಂದವರ ಸಾಲು ಬೀದಿಯ ತಿರುವಿನವರೆಗೂ ನಿಲ್ಲುತ್ತಿತ್ತಂತೆ. ಈಗ ದಿನಕ್ಕೆ ಹತ್ತು ಹನ್ನೆರಡು ಜನ ಬಂದರೆ ಹೆಚ್ಚು. ನಾನಿದ್ದ ದಿನ ಬಂದ ಒಬ್ಬ ನಿವೃತ್ತ ಶಿಕ್ಷಕಿ ಮಂಚದ ಮುಂದೆ ಕೈಮುಗಿದು, "ಇವರು ಶಾಲೆ ಕೊಡದಿದ್ರೆ ನಾನು ಹಸು ಕಾಯ್ತಿದ್ದೆ," ಎಂದು ಕಣ್ಣೊರೆಸಿಕೊಂಡರು. ಸುಳ್ಳಲ್ಲ. ಶಾಲೆ, ಆಸ್ಪತ್ರೆ, ಹಳ್ಳಿಹಳ್ಳಿಗೆ ಕುಡಿಯುವ ನೀರು, ಎಲ್ಲ ಅವರ ಕಾಲದ್ದು. ಸಭೆಗಳನ್ನು ನಿಷೇಧಿಸಿ, ವಿರೋಧಿಸಿದವರನ್ನು ವಿಚಾರಣೆಯಿಲ್ಲದೆ ಒಳಗೆ ಹಾಕಿಸಿದ ವರ್ಷವೂ ಅವರದೇ. ಹಜಾರದ ಗೋಡೆಯ ಮೇಲೆ ಆ ವರ್ಷಕ್ಕೆ ಸಿಕ್ಕಿರುವುದು ಒಂದೇ ಸಾಲು: 'ದೇಶಕ್ಕೆ ಕಷ್ಟದ ಕಾಲ.'

ಆ ಕಷ್ಟದ ಕಾಲದಲ್ಲಿ ಅಕ್ಕನ ಅಣ್ಣ ಮುದ್ರಣಾಲಯವೊಂದರಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದರು. ನಿಷೇಧದ ವಿರುದ್ಧ ಯಾರೋ ಕೊಟ್ಟ ಕರಪತ್ರವನ್ನು ಅಚ್ಚು ಹಾಕಿದರು. ಮಧ್ಯಾಹ್ನ ಊಟಕ್ಕೆ ಕೂತಿದ್ದ ಅಣ್ಣನನ್ನು ಪೊಲೀಸರು ಕರೆದುಕೊಂಡು ಹೋದರು. "ಕೈ ತೊಳೀಲಿಕ್ಕೂ ಬಿಡಲಿಲ್ಲ," ಎನ್ನುತ್ತಾರೆ ಅಕ್ಕ. ಆಮೇಲೆ ಅವರನ್ನು ಕಂಡವರಿಲ್ಲ. ಯಾವ ಜೈಲಿನಲ್ಲೂ ಅವರ ಹೆಸರಿಲ್ಲ ಎಂಬ ಉತ್ತರ ಬಂತು, ಅಷ್ಟೇ.

ವರ್ಷಗಳು ಉರುಳಿದವು. ಅಧಿಕಾರ ಕಳೆದುಕೊಂಡು ಮನೆ ಹಿಡಿದ ಆ ಮಾಜಿ ಪ್ರಧಾನಿಯವರನ್ನು ನೋಡಿಕೊಳ್ಳಲು ಹೆಂಗಸೊಬ್ಬರು ಬೇಕು ಎಂದು ತಿಳಿದಾಗ, ಈ ಕೆಲಸಕ್ಕೆ ಹೋಗು ಎಂದವರು ಅಮ್ಮನೇ. "ಅನ್ನಕ್ಕಲ್ಲ ಕಣೇ. ಒಂದು ಮಾತು ಕೇಳ್ಕೊಂಡು ಬಾ. ನನ್ನ ಮಗ ಎಲ್ಲಿ ಅಂತ."

ಕೇಳುವುದು ಸುಲಭವಾಗಲಿಲ್ಲ. "ದ್ವೇಷ ಇಟ್ಕೊಂಡೇ ಹೋದೆ. ಆದ್ರೆ ಅವರು ದಿನಾ, 'ನೀನು ಉಂಡ್ಯೇನಮ್ಮ?' ಅನ್ನೋರು. ಹಾಗಂದವರ ಮುಖಕ್ಕೆ ಹೇಗೆ ಹೇಳ್ಲಿ?" ಒಂದು ದಿನ ಅವರ ಉಗುರು ಕತ್ತರಿಸುತ್ತಿರುವಾಗ, ತಲೆ ಎತ್ತದೆ, ಕೇಳಿಯೇ ಬಿಟ್ಟರು. ಅಣ್ಣನ ಹೆಸರು, ಮುದ್ರಣಾಲಯದ ಬೀದಿ, ಎಲ್ಲ ಹೇಳಿದರು.

"ಉಗುರು ಕತ್ತರಿಸಿದ ಕೈಯನ್ನ ತಿರುಗಿಸಿ ನೋಡ್ಕೊಂಡ್ರು. ಆಮೇಲೆ, 'ಆ ವರ್ಷ ನಾನು ಓದದೇ ಎಷ್ಟೋ ಸಹಿ ಹಾಕಿದೆ. ವಿಚಾರಿಸ್ತೀನಿ' ಅಂದ್ರು. ಇನ್ನೊಂದು ಕೈ ಮುಂದೆ ಚಾಚಿದ್ರು. ನಾನು ಆ ಉಗುರೂ ಕತ್ತರಿಸ್ದೆ. ಇನ್ನೇನು ಮಾಡ್ಲಿ, ಹೇಳಿ?"

ಆ ತಿಂಗಳು ಮುಗಿಯುವುದರೊಳಗೆ ಯಜಮಾನರಿಗೆ ಪಾರ್ಶ್ವವಾಯು ಬಡಿದು ಮಾತು ನಿಂತಿತು. ಮನೆಯವರು ಸುದ್ದಿ ಹೊರಗೆ ಬಿಡಲಿಲ್ಲ, ಅಕ್ಕನೂ ಅಮ್ಮನಿಗೆ ಹೇಳಲಿಲ್ಲ. ಅಕ್ಕ ಗಂಜಿ ಕುಡಿಸುವಾಗ ಅವರ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಈ ಕಾಯಿಲೆಯಲ್ಲಿ ಕಾರಣವಿಲ್ಲದೆಯೂ ಕಣ್ಣೀರು ಬರುತ್ತದೆ ಎಂದರು ಡಾಕ್ಟರು. ಮುಂದಿನ ವರ್ಷ ಅವರು ತೀರಿಕೊಂಡರು. ದೇಶವೆಲ್ಲ ಬಾವುಟ ಅರ್ಧಕ್ಕೆ ಇಳಿಸಿತು.

ಅಂದು ಸಂಜೆ ಅಕ್ಕ ಮನೆಗೆ ಹೋದಾಗ, ಹಾಸಿಗೆ ಹಿಡಿದು ಕಣ್ಣು ಕಳೆದುಕೊಂಡಿದ್ದ ಅಮ್ಮ ಎಂದಿನಂತೆ ಕೇಳಿದರು, "ಏನಂದ್ರು?" ಅಕ್ಕನ ಬಾಯಿಂದ ಬಂದದ್ದು, "ಇವತ್ತು ಸುಸ್ತಾಗಿದ್ರು, ಮಾತಾಡ್ಲಿಲ್ಲ." ಹೇಳಿದ ಮೇಲೆ ತಿದ್ದುವ ಧೈರ್ಯ ಬರಲಿಲ್ಲ. ರೇಡಿಯೊ ಕೆಟ್ಟಿದೆ ಎಂದು ಮೇಲಿಟ್ಟರು, ಪಕ್ಕದ ಮನೆಯವರ ಕೈಹಿಡಿದು ಬೇಡಿಕೊಂಡರು. ಆರು ವರ್ಷಗಳಿಂದ ಅಕ್ಕ ಪ್ರತಿ ಬೆಳಿಗ್ಗೆ "ಯಜಮಾನ್ರ ಮನೆಗೆ ಹೋಗ್ಬರ್ತೀನಿ" ಎಂದು ಹೊರಡುತ್ತಾರೆ, ಸಂಜೆ ಒಂದು ನೆಪ ಹೊತ್ತು ತರುತ್ತಾರೆ.

ಈಗ ಆ ಮನೆಗೇ ಬೀಗ ಬೀಳಲಿದೆ. ವರ್ಷದ ಕೊನೆಗೆ ಸಾಮಾನುಗಳೆಲ್ಲ ಹೊಸ ವಸ್ತುಸಂಗ್ರಹಾಲಯಕ್ಕೆ ಹೋಗುತ್ತವೆ. ಅಲ್ಲಿ ಮಂಚ ಗಾಜಿನ ಒಳಗಿರುತ್ತದಂತೆ, ದಿನಾ ಕೊಡವಬೇಕಿಲ್ಲ. "ಬೇರೆ ಕೆಲಸ ಸಿಗಬಹುದು. ಆದ್ರೆ ಅಮ್ಮಂಗೆ ಏನು ಹೇಳ್ಲಿ? ಯಜಮಾನ್ರು ಇಲ್ಲ ಅಂದ್ರೆ ಅಣ್ಣನೂ ಇಲ್ಲ ಅಂತಲೇ ಅರ್ಥ, ಅವಳಿಗೆ." ಮಾತು ನಿಲ್ಲಿಸಿ, ಸೆರಗಿನ ಅಂಚು ಸರಿಮಾಡಿಕೊಳ್ಳುತ್ತಾರೆ. "ಹೀಗೆ ಬಯಸಬಾರದು. ಆದ್ರೂ ಬಾಗಿಲು ಹಾಕೋಕ್ ಮುಂಚೆ ಅಮ್ಮ ಹೊರಟುಬಿಡ್ಲಿ ಅಂತ ಬಯಸ್ತೀನಿ."

ಇದೆಲ್ಲ ಪತ್ರಿಕೆಯಲ್ಲಿ ಬಂದರೆ ಎಂದು ನಾನು ತಡವರಿಸಿದೆ. "ಅಮ್ಮಂಗೆ ಪೇಪರ್ ಓದಿ ಹೇಳೋಳು ನಾನೊಬ್ಳೇ. ಹೆಸರು ಮಾತ್ರ ಹಾಕ್ಬೇಡಿ," ಎಂದರು.

ಸಂಜೆ ಅವರ ಜೊತೆ ಮನೆಗೆ ಹೋಗುತ್ತೇನೆ. ಒಂದೇ ಕೋಣೆ, ಗೋಡೆಗೆ ಒತ್ತಿದ ಮಂಚ, ಅದರ ಮೇಲೆ ಮಗುವಿನಷ್ಟಾದ ಅಮ್ಮ. ಅಪರಿಚಿತ ಹೆಜ್ಜೆಗೆ ತಲೆ ತಿರುಗಿಸುತ್ತಾರೆ. "ಯಾರೇ ಅದು? ಯಜಮಾನ್ರ ಮನೆಯವರಾ?"

"ಹೌದಮ್ಮ. ಅಲ್ಲಿಂದ ಬಂದವರು," ಎಂದು ಅಕ್ಕ ನನಗಿಂತ ಮೊದಲು ಹೇಳುತ್ತಾರೆ.

"ಹೇಗಿದ್ದಾರಪ್ಪ ಅವರು?"

"ಹಾಗೇ ಇದ್ದಾರೆ ಅಜ್ಜಿ," ಎನ್ನುತ್ತೇನೆ.

"ನನಗಿಂತ ಎಷ್ಟೋ ದೊಡ್ಡವರು. ನನಗೇ ತೊಂಬತ್ತಾಯ್ತು. ಗಟ್ಟಿ ಜೀವ, ಬಿಡು." ಅಮ್ಮ ಕೈ ಚಾಚಿ ಮಗಳ ಮಣಿಕಟ್ಟು ಹುಡುಕಿ ಹಿಡಿದುಕೊಳ್ಳುತ್ತಾರೆ. "ಇವಳಿಗೆ ಹೇಳಪ್ಪ, ಅವಸರ ಮಾಡ್ಬೇಡ ಅಂತ. ದಿನಾ ಕೇಳಿ ಕೇಳಿ ಇವಳೇ ಸೋತುಹೋಗಿದ್ದಾಳೆ."

ಅಕ್ಕ ಮುಖ ತಿರುಗಿಸಿ ಒಲೆಯ ಕಡೆ ಹೋಗುತ್ತಾರೆ. ಅಮ್ಮ ಮತ್ತೆ ಏನೂ ಕೇಳುವುದಿಲ್ಲ.

ಯಜಮಾನರು ವಿಚಾರಿಸಿದ್ದರೋ ಇಲ್ಲವೋ, ಆ ಅಚ್ಚುಮೊಳೆಯವರಿಗೆ ಏನಾಯಿತೋ, ನನಗೆ ಗೊತ್ತಾಗಲಿಲ್ಲ. ಕೇಳಿದ ಕಚೇರಿಗಳು ಉತ್ತರ ಕೊಡಲಿಲ್ಲ. ಅಮ್ಮನಿಗೆ ಎಷ್ಟು ಗೊತ್ತಿದೆ ಎಂಬುದೂ ಗೊತ್ತಿಲ್ಲ. ಅದನ್ನು ಮಾತ್ರ ನಾನು ಯಾರನ್ನೂ ಕೇಳಲಿಲ್ಲ.