ಹತ್ತೊಂಬತ್ತಕ್ಕೇ ಸಿಕ್ಕ ಮೆಡಿಕಲ್ ಸೀಟು

ಎರಡು ವರ್ಷದ ಹಿಂದೆ, ನಾನು ಹ್ಯೂಸ್ಟನ್ನಿನ ಮೆಡಿಕಲ್ ಕಾಲೇಜಿಗೆ ಸೇರಿದ ಹೊಸದು. ಆಗ ನನಗೆ ಹತ್ತೊಂಬತ್ತು. ಅದರಲ್ಲೇನು ವಿಶೇಷ ಅಂತೀರಾ? ಮೈಸೂರಿನಲ್ಲಿರೋ ಚಿಕ್ಕಪ್ಪನ ಮಗಳೂ ಹಾಗೇ ಕೇಳಿದ್ದಳು. ಅಲ್ಲಿ ಪಿಯುಸಿ ಮುಗಿಸಿ ಆ ವಯಸ್ಸಿಗೇ ಎಂಬಿಬಿಎಸ್ ಸೇರ್ತಾರೆ. ಇಲ್ಲಿ ಅಮೆರಿಕದಲ್ಲಿ ಹಾಗಲ್ಲ. ಮೊದಲು ನಾಲ್ಕು ವರ್ಷದ ಡಿಗ್ರಿ, ಆಮೇಲೆ ಇನ್ನೊಂದು ದೊಡ್ಡ ಪರೀಕ್ಷೆ, ಆಮೇಲೆ ಸೀಟು. ನನ್ನನ್ನು ಮಾತ್ರ ಕಾಲೇಜಿನವರು ಹೈಸ್ಕೂಲಿನಲ್ಲೇ ಇಂಟರ್‌ವ್ಯೂ ಮಾಡಿ, "ಡಿಗ್ರಿ ಬೇಗ ಮುಗಿಸು, ಸೀಟು ಕಾದಿಟ್ಟಿರ್ತೀವಿ" ಅಂದಿದ್ದರು. ರಿಚರ್ಡ್‌ಸನ್‌ನಲ್ಲಿ ಕಾಲೇಜು ಸೇರಿ, ಬೇಸಿಗೆ ರಜೆಯನ್ನೂ ಬಿಡದೆ ಓದಿ ಡಿಗ್ರಿ ಮುಗಿಸಿದೆ.

ನಮ್ಮೂರು ಫ್ರಿಸ್ಕೋದಲ್ಲಿ ಯಾರ ಮನೆ ಪೂಜೆಗೆ ಹೋದರೂ ಆಂಟಿಯರು ಮಕ್ಕಳನ್ನು ನನ್ನ ಮುಂದೆ ತಂದು ನಿಲ್ಲಿಸೋರು. "ಹೇಗೆ ಓದಿದ್ಲು ಅಂತ ಅಕ್ಕನ್ನ ಕೇಳು." ನಾನೂ ಬೀಗ್ತಿದ್ದೆ, ಸುಳ್ಳು ಯಾಕೆ ಹೇಳಲಿ!

ಹ್ಯೂಸ್ಟನ್ನಿನಲ್ಲಿ ಆ ಜಂಬವೆಲ್ಲ ಇಳಿಯಿತು. ಕ್ಲಾಸಿನಲ್ಲಿ ಎಲ್ಲರೂ ನನಗಿಂತ ನಾಲ್ಕೈದು ವರ್ಷ ದೊಡ್ಡವರು, ಕೆಲವರಿಗೆ ಮದುವೆಯೂ ಆಗಿತ್ತು. ಅವರ ಮಾತೆಲ್ಲ ಬಿಟ್ಟು ಬಂದ ಕೆಲಸ, ಬಾಡಿಗೆ ಮನೆ, ಗಂಡ, ಬಾಯ್‌ಫ್ರೆಂಡ್. ನನ್ನ ಹತ್ತಿರ ಹೇಳೋಕೆ ಏನಿತ್ತು, ಮಣ್ಣು? ಕೆಟ್ಟವರಲ್ಲ ಪಾಪ. ಕ್ಯೂಟ್ ಅಂತಿದ್ದರು, ಊಟಕ್ಕೆ ಮಾತ್ರ ಕರೀತಿರಲಿಲ್ಲ. ಎಷ್ಟೋ ದಿನ ಕಾರಿನಲ್ಲಿ ಒಬ್ಬಳೇ ಕೂತು ಡಬ್ಬಿ ಖಾಲಿ ಮಾಡಿದ್ದೀನಿ.

ಮೊದಲ ಅನಾಟಮಿ ಪರೀಕ್ಷೆ ಮುಗಿದ ಸಂಜೆ ಎಲ್ಲರೂ ಸೇರೋಣ ಅಂತ ಗ್ರೂಪ್‌ನಲ್ಲಿ ಮೆಸೇಜ್ ಬಂತು. ನನಗೋ ಎಲ್ಲಿಲ್ಲದ ಸಂಭ್ರಮ! ಅಮ್ಮನಿಗೂ ಹೇಳಿ, ಹೊಸ ಬಟ್ಟೆ ಹಾಕ್ಕೊಂಡು ಹೋದೆ. ನೋಡಿದರೆ ಅದು ಬಾರ್. ಬಾಗಿಲಲ್ಲಿದ್ದ ದಾಂಡಿಗ ವಯಸ್ಸು ನೋಡೋಕೆ ಡ್ರೈವಿಂಗ್ ಲೈಸೆನ್ಸ್ ಕೇಳಿದ. ಇಪ್ಪತ್ತೊಂದು ತುಂಬದವರನ್ನ ಬಾರಿಗೆ ಬಿಡಲ್ಲ, ಅವರ ಲೈಸೆನ್ಸೂ ಇಲ್ಲಿ ಅಡ್ಡಕ್ಕಿರಲ್ಲ, ಉದ್ದಕ್ಕಿರುತ್ತೆ. ಅವನು ಓದಲೂ ಇಲ್ಲ, ತಲೆ ಅಲ್ಲಾಡಿಸಿ ವಾಪಸ್ ಕೊಟ್ಟ. ಬೆಳಿಗ್ಗೆ ಮನುಷ್ಯನ ಹೃದಯ ಕೈಯಲ್ಲಿ ಹಿಡಿದು ಪರೀಕ್ಷೆ ಕೊಟ್ಟವಳಿಗೆ ಒಳಗೆ ಹೋಗಿ ಒಂದು ಷರಬತ್ತು ಕುಡಿಯೋ ಯೋಗ್ಯತೆ ಇಲ್ಲ! ಜೊತೆಗೆ ಬಂದವರು ಒಳಗೆ ಹೋಗಿಯಾಗಿತ್ತು. ಯಾರೂ ತಿರುಗಿ ನೋಡಲಿಲ್ಲ.

ಫುಟ್‌ಪಾತ್‌ನಲ್ಲಿ ನಿಂತಿದ್ದಾಗಲೇ ಅಮ್ಮನ ಫೋನ್. "ಪಾರ್ಟಿ ಜೋರಾ ಪುಟ್ಟಿ?"

ಅಳು ಒತ್ತರಿಸಿ ಬಂತು. "ನನಗೆ ಇದು ಬೇಡಮ್ಮ. ನನ್ನೋರು ಅಂತ ಇಲ್ಲಿ ಒಬ್ಬರೂ ಇಲ್ಲ. ಬಿಟ್ಟು ಬಂದುಬಿಡ್ತೀನಿ."

ಬಿಟ್ಟರೆ ಆ ಸೀಟು ಮತ್ತೆ ಸಿಗಲ್ಲ ಅಂತ ಇಬ್ಬರಿಗೂ ಗೊತ್ತು. ಅಮ್ಮ "ಊಟ ಮಾಡಿ ಮಲ್ಕೋ" ಅಂತ ಫೋನ್ ಇಟ್ಟಳು. ಅಷ್ಟೇನಾ! ಇವಳಿಗೂ ಮಗಳಿಗಿಂತ ಸೀಟೇ ಹೆಚ್ಚು ಅಂದುಕೊಂಡೆ.

ಮಾರನೇ ದಿನ ಬೆಲ್ ಆಯ್ತು. ಬಾಗಿಲಲ್ಲಿ ಅಮ್ಮ! ಹೈವೇ ಅಂದರೆ ಹೆದರಿ, ಪಕ್ಕದ ಪ್ಲೇನೋಗೂ ಒಳದಾರಿಯಲ್ಲೇ ಹೋಗೋ ಅಮ್ಮ ನಾಲ್ಕೈದು ಗಂಟೆ ದಾರಿಯ ಹ್ಯೂಸ್ಟನ್ನಿಗೆ ಒಬ್ಬಳೇ ಡ್ರೈವ್ ಮಾಡ್ಕೊಂಡು ಬಂದಿದ್ದಳು.

"ಅಪ್ಪ?"

"ಆಫೀಸ್ ಕೆಲಸಕ್ಕೆ ಆಸ್ಟಿನ್‌ಗೆ ಹೋಗಿದ್ದಾರೆ. ಹೇಳಿದ್ರೆ ಬೇಡ ಅಂತಿದ್ರು, ಹೇಳಿಲ್ಲ."

ಇನ್ನು ಬುದ್ಧಿವಾದ ಶುರು ಅಂತ ಉತ್ತರ ರೆಡಿ ಮಾಡ್ಕೊಂಡೆ. ಅಮ್ಮ ರೂಮನ್ನೆಲ್ಲ ಒಮ್ಮೆ ನೋಡಿ, "ಸಾಮಾನು ಇಷ್ಟೇನಾ? ಹಿಡಿಸುತ್ತೆ ಬಿಡು" ಅಂದಳು. ಕೆಳಗೆ ಹೋಗಿ ನೋಡಿದರೆ, ಕಾರಿನ ಹಿಂದಿನ ಸೀಟೆಲ್ಲ ಮಡಚಿ ನನ್ನ ಸಾಮಾನಿಗೆ ಜಾಗ ಮಾಡಿಕೊಂಡೇ ಬಂದಿದ್ದಳು.

"ಜನ ಏನಂತಾರೆ ಅಮ್ಮ?"

"ಅಂದ್ಕೊಳ್ಳಲಿ ಬಿಡೇ. ಅವರ ಮನೆ ಪೂಜೆಗೆ ಹೋಗದಿದ್ರಾಯ್ತು."

ಅಮ್ಮ ತಂದಿದ್ದ ಪುಳಿಯೋಗರೆ ತಿಂದು ಕೈ ತೊಳೆಯೋವಾಗ, "ಇನ್ನೊಂದು ಪರೀಕ್ಷೆವರೆಗೆ ಇದ್ದು ನೋಡ್ತೀನಿ" ಅಂದೆ.

"ನನಗೋಸ್ಕರ ಹೇಳ್ತಿಲ್ಲ ತಾನೇ?"

"ಇಲ್ಲ."

ಟ್ರಾಫಿಕ್ ಹೆಚ್ಚೋ ಮೊದಲೇ ಅಮ್ಮ ಹೊರಟಳು.

ಈಗಲೂ ಕ್ಲಾಸಿಗೆ ನಾನೇ ಚಿಕ್ಕವಳು, ಈಗಲೂ ಹೆಚ್ಚಿನ ದಿನ ಒಬ್ಬಳೇ ಊಟ ಮಾಡ್ತೀನಿ. ಆದರೆ ಬಿಟ್ಟು ಹೋಗಬೇಕು ಅಂತ ಮತ್ತೆ ಅನ್ನಿಸಿಲ್ಲ. ನನ್ನನ್ನು ಕರ್ಕೊಂಡು ಹೋಗೋಕೆ ಬಂದವಳು ಆ ದೊಡ್ಡ ರಸ್ತೆಯಲ್ಲಿ ಖಾಲಿ ಕಾರು ಓಡಿಸ್ಕೊಂಡು ಒಬ್ಬಳೇ ವಾಪಸ್ ಹೋದಳಲ್ಲ, ಅದನ್ನ ಇವತ್ತಿಗೂ ನೆನೆಸಿಕೊಳ್ತೀನಿ. ಮನೆ ಮುಟ್ಟಿದೆ ಅಂತ ಅವಳ ಫೋನ್ ಬರೋವರೆಗೂ ಅವತ್ತು ನಾನು ಪುಸ್ತಕ ಮುಟ್ಟಲಿಲ್ಲ.